ನೋವಾಗದ ಬೆರಳು

ಆ ದಿನ ನನ್ನ ಪಾಲಿನ ಕೆಲಸ ಇಷ್ಟೇ: ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುವುದು, ಪರೀಕ್ಷಾ ಪಟ್ಟಿಯ ಕುಳಿಗೆ ಬಿಡುವುದು, ದ್ರಾವಣ ಹಾಕಿ ಗಡಿಯಾರ ನೋಡುತ್ತಾ ಕೂರುವುದು, ಗೆರೆ ಮೂಡಿತೋ ಇಲ್ಲವೋ ಬರೆಯುವುದು. ಕುಷ್ಠರೋಗದ ಕ್ಷಿಪ್ರ ಪರೀಕ್ಷೆಯೊಂದನ್ನು ಹಳ್ಳಿಯಲ್ಲಿ ಎಷ್ಟು ನಂಬಬಹುದೆಂದು ನೋಡಲು ಕೊಪ್ಪಳ ಜಿಲ್ಲೆಯ ಒಂದು ಉಪಕೇಂದ್ರಕ್ಕೆ ಹೋಗಿದ್ದೆವು. ಹೊರಗಿನ ಬ್ಯಾನರಿನಲ್ಲಿ ‘ಚರ್ಮ ತಪಾಸಣೆ’ ಎಂದಷ್ಟೇ ಇತ್ತು. “ಕುಷ್ಠ ಎಂದು ಬರೆದರೆ ಒಬ್ಬರೂ ಬರುವುದಿಲ್ಲ ಮೇಡಂ” ಎಂದು ಆಶಾ ಕಾರ್ಯಕರ್ತೆ ಮೊದಲೇ ಎಚ್ಚರಿಸಿದ್ದರು. ಒಳಗೆ ಬಂದ ಮೇಲೆ ಒಬ್ಬೊಬ್ಬರಿಗೂ ವಿಷಯ ತಿಳಿಸಿ ಒಪ್ಪಿಗೆ ಪಡೆಯುತ್ತಿದ್ದೆವು.

ಕುಷ್ಠದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸೆನ್ ಗುರುತಿಸಿದ್ದು 1873ರಲ್ಲಿ. ಆದರೂ ಅದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಹಾಗಾಗಿ ಹೊಸ ಪರೀಕ್ಷೆಯನ್ನು ಒರೆಗೆ ಹಚ್ಚಲು ನಮಗಿದ್ದ ಒರೆಗಲ್ಲು ಎರಡೇ: ಮುಟ್ಟಿ ನೋಡುವ ವೈದ್ಯರ ಕೈ, ಮತ್ತು ರೋಗಿಯ ಕಿವಿಯ ಹಾಲೆಯಿಂದ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ದ್ರವದ ಲೇಪ. ವೈದ್ಯರು ಏನು ಕಂಡರೆಂದು ನನಗೆ ಗೊತ್ತಾಗಬಾರದು, ನನ್ನ ಗೆರೆ ಅವರಿಗೆ ಗೊತ್ತಾಗಬಾರದು. ಒಂದೇ ಪಟ್ಟಿಯನ್ನು ನಾನೂ ನನ್ನ ಸಹೋದ್ಯೋಗಿಯೂ ಪ್ರತ್ಯೇಕವಾಗಿ ಓದಿ, ಪರಸ್ಪರ ತೋರಿಸದೆ ಬರೆಯಬೇಕು.

ಹನ್ನೊಂದರ ಹೊತ್ತಿಗೆ ತಗಡಿನ ಮಾಡು ಕಾದಿತ್ತು. ಪಟ್ಟಿಗಳನ್ನು 30 ಡಿಗ್ರಿ ಮೀರದಂತೆ ಥರ್ಮೋಕೋಲ್ ಡಬ್ಬಿಯಲ್ಲಿ ಇಟ್ಟಿದ್ದೆವು. ಆಗ ಬಂದು ಕುಳಿತವರು ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವವರಂತೆ. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟು ಇತ್ತು. ನಾನು ಹತ್ತಿಯಿಂದ ಉಂಗುರ ಬೆರಳು ಒರೆಸಲು ಹೋದರೆ, ಎಡಗೈಯ ಕಿರುಬೆರಳನ್ನು ಮುಂದೆ ಚಾಚಿದರು.

“ಇದಕ್ಕೆ ಚುಚ್ಚಿರಿ ಅಕ್ಕಾ. ಇದಕ್ಕೆ ನೋವೇ ಆಗುವುದಿಲ್ಲ.”

ಬೆರಳಿನ ಹೊರ ಅಂಚಿನಲ್ಲಿ ಹಳೆಯ ಸುಟ್ಟ ಕಲೆ ಇತ್ತು, ಅದರ ಪಕ್ಕದಲ್ಲೇ ಹೊಸ ಬೊಬ್ಬೆ. ಕಾದ ಹಂಚು ತಾಗಿದ್ದು ಅವರಿಗೆ ತಿಳಿದದ್ದು ಚರ್ಮ ಸುಟ್ಟ ವಾಸನೆಯಿಂದ. ಅವರು ಅದನ್ನು ದೂರಿನಂತೆ ಹೇಳಲೂ ಇಲ್ಲ. ನನಗೆ ಅನುಕೂಲವಾಗಲಿ ಎಂದು ಹೇಳಿದರು.

ನಾನು ಬಲಗೈಯ ಬೆರಳಿಗೆ ಚುಚ್ಚಿದೆ.

ಪಟ್ಟಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ನಿಯಂತ್ರಣ ಗೆರೆ ಬೇಗ ಮೂಡಿತು. ಅದರ ಕೆಳಗೆ, ರೋಗದ ಗೆರೆ ಬರಬೇಕಾದ ಜಾಗದಲ್ಲಿ ನನಗೆ ಏನೋ ಕಂಡಂತಾಯಿತು. ಗೆರೆಯಲ್ಲ, ಗೆರೆಯ ನೆರಳು. ಪಟ್ಟಿಯನ್ನು ಕಿಟಕಿಯ ಕಡೆಗೆ ತಿರುಗಿಸಿದೆ, ಓರೆ ಮಾಡಿದೆ. ಕಣ್ಣು ನೋಡುತ್ತಿದೆಯೋ, ಆ ಬೊಬ್ಬೆಯನ್ನು ನೋಡಿದ ಮನಸ್ಸು ನೋಡುತ್ತಿದೆಯೋ ತಿಳಿಯಲಿಲ್ಲ. ಅವರ ಮಾತು ಕಿವಿಗೆ ಬಿದ್ದ ಕ್ಷಣದಿಂದ ನಾನು ಏನೂ ಅರಿಯದ ಓದುಗಳಾಗಿ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಗೆರೆ ಮೂಡಲಿ ಎಂದು ಆಸೆಪಡುತ್ತಿದ್ದೆ. ಸಮಯ ಮುಗಿಯಿತು. ‘ನೆಗೆಟಿವ್’ ಎಂದು ಬರೆದೆ. ಷರಾ ಕಲಂನಲ್ಲಿ ಅವರಾಡಿದ ಮಾತನ್ನು ಹಾಗೆಯೇ ಬರೆದು, ಇದನ್ನು ಕೇಳಿದ ಮೇಲೆ ಪಟ್ಟಿ ಓದಿದ್ದೇನೆ ಎಂದು ಸಹಿ ಹಾಕಿದೆ. ಆಚೆ ಮೇಜಿನಲ್ಲಿದ್ದ ಸಹೋದ್ಯೋಗಿಯೂ ನೆಗೆಟಿವ್ ಎಂದೇ ಓದಿದ್ದನೆಂದು ಸಂಜೆ ಗೊತ್ತಾಯಿತು.

ವೈದ್ಯರ ಹಾಳೆಯೂ ಸಂಜೆಯೇ ಸಿಕ್ಕಿತು. ಎಡ ಮೊಣಕೈ ಹತ್ತಿರ ಒಂದು ತಿಳಿ ಮಚ್ಚೆ. ಸಿಬ್ಬು ಎಂದುಕೊಂಡು ವರ್ಷದಿಂದ ಮುಲಾಮು ಹಚ್ಚುತ್ತಿದ್ದರು. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿದರೆ ಮಚ್ಚೆಯ ಸುತ್ತಲೂ ಸರಿಯಾಗಿ ಬೆರಳಿಟ್ಟು ತೋರಿಸಿದ್ದಾರೆ, ಮಚ್ಚೆಯ ಮೇಲೆ ಮಾತ್ರ ಇಲ್ಲ. ಮೊಣಕೈ ಹಿಂದೆ ಹಾದು ಕಿರುಬೆರಳಿಗೆ ಹೋಗುವ ನರ ದಪ್ಪಗಾಗಿದೆ. ಕಿವಿಯ ಲೇಪದಲ್ಲೂ ಬ್ಯಾಕ್ಟೀರಿಯಾ ಸಿಕ್ಕಿರಲಿಲ್ಲ. ಆದರೂ ಇದು ಕುಷ್ಠವೇ.

ಪಟ್ಟಿ ಕೆಟ್ಟಿರಲಿಲ್ಲ. ಅದು ಹುಡುಕುವುದು ಬ್ಯಾಕ್ಟೀರಿಯಾದ ಹೊರಕವಚದ ಒಂದು ಕೊಬ್ಬಿನಂಶದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಬ್ಯಾಕ್ಟೀರಿಯಾ ತುಂಬಿಕೊಂಡವರಲ್ಲಿ ಗೆರೆ ಸಾಮಾನ್ಯವಾಗಿ ಚೆನ್ನಾಗಿ ಮೂಡುತ್ತದೆ. ಈಕೆಯ ದೇಹ ಬ್ಯಾಕ್ಟೀರಿಯಾವನ್ನು ಒಂದೆರಡು ಜಾಗದಲ್ಲಿ ತಡೆದು ನಿಲ್ಲಿಸಿದೆ. ಅಂಥವರ ರಕ್ತದಲ್ಲಿ ಪ್ರತಿಕಾಯ ಕಡಿಮೆ. ಆದರೆ ಆ ಹೋರಾಟ ನಡೆಯುವುದೇ ನರದೊಳಗೆ, ನಷ್ಟವೂ ಅಲ್ಲೇ. ಆಸ್ಪತ್ರೆಯಲ್ಲಿರುವ ಉಲ್ಬಣಗೊಂಡ ರೋಗಿಗಳನ್ನೂ ಪೂರ್ತಿ ಆರೋಗ್ಯವಂತರನ್ನೂ ಎದುರುಬದುರು ಕೂರಿಸಿ ಪರೀಕ್ಷೆಗೆ ಅಂಕ ಕೊಟ್ಟರೆ, ಅಂಕ ಎಷ್ಟೇ ಹೆಚ್ಚು ಬಂದರೂ ಈ ರೊಟ್ಟಿ ಬಡಿಯುವವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅಷ್ಟೇ ಅಲ್ಲ, ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋದರೆ ಇನ್ನೊಂದು ವರ್ಷ ಅದೇ ಮುಲಾಮು. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಹಳ್ಳಿ ಹಳ್ಳಿಗೂ ಚರ್ಮತಜ್ಞರು ಬರಲಾರರು, ಆಶಾ ಕಾರ್ಯಕರ್ತೆಯ ಕೈಗೆ ಒಂದು ಸಾಧನ ಬೇಕೇ ಬೇಕು. ಖಾಲಿ ಪಟ್ಟಿ ನೋಡಿ ಮಚ್ಚೆಯ ಮೇಲಿನ ಹತ್ತಿಯ ಎಳೆಯನ್ನು ಕೈಬಿಡಬೇಡಿ ಎಂದು ಬಳಕೆಯ ಸೂಚನೆಯಲ್ಲೇ ದೊಡ್ಡದಾಗಿ ಅಚ್ಚಾಗಬೇಕು.

ಆರು ತಿಂಗಳ ಮಾತ್ರೆಯ ಮೊದಲ ಪ್ಯಾಕೆಟ್ ತೆಗೆದುಕೊಂಡು, ಮೊದಲ ಗುಳಿಗೆಯನ್ನು ನಮ್ಮೆದುರೇ ನುಂಗಿ ಅವರು ಹೊರಟರು. ಮೂತ್ರ ಕೆಂಪಾದರೆ ಹೆದರಬೇಡಿ ಎಂದು ವೈದ್ಯರು ಹೇಳಿದರು. ಆಶಾ ಕಾರ್ಯಕರ್ತೆ ಮೆಟ್ಟಿಲವರೆಗೂ ಜೊತೆಯಲ್ಲೇ ಹೋಗಿ, ಇನ್ನು ಮುಂದೆ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಮುಟ್ಟದೆ ಇಕ್ಕಳದಿಂದ ತಿರುವುವುದು ಹೇಗೆಂದು ತಮ್ಮ ಕೈಯನ್ನೇ ಇಕ್ಕಳ ಮಾಡಿ ತೋರಿಸುತ್ತಿದ್ದರು.