ಲೇಬಲ್ಲಿನ ಮೇಲೆ ಏನು ಬರೆಯುವುದು?

ಸೋಣ ತಿಂಗಳಲ್ಲಿ ಮಳೆ ತುಸು ಬಿಡುವು ಕೊಟ್ಟ ದಿನ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ತೋಟದ ಶೆಡ್ಡಿನಲ್ಲಿ ಸ್ವಸಹಾಯ ಸಂಘದವರು, ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರವಾದ ಟ್ರೈಕೋಡರ್ಮವನ್ನು ಹಿಂಡಿಗೆ ಕಲಸುತ್ತಿದ್ದರು. ತೆಂಗಿನ ಅಣಬೆ ರೋಗಕ್ಕೆ ಮರವೊಂದಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ, 50 ಗ್ರಾಂ ಟ್ರೈಕೋಡರ್ಮ ಬೇಕು. ಹಾಗಾಗಿ 50 ಕಿಲೋ ಚೀಲಕ್ಕೆ ಅರ್ಧ ಕಿಲೋ ಪುಡಿ, ಹತ್ತು ಮರಕ್ಕಾಯಿತು.

ಕೆಲಸವೆಲ್ಲ ನೀರಿನ ಹದದಲ್ಲಿದೆ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಹೆಚ್ಚಾಯಿತೋ, ರಾಶಿಯೊಳಗೆ ಗಾಳಿಯಾಡದೆ ಹುಳಿ ವಾಸನೆ ಹೊಡೆಯುತ್ತದೆ. ಬೇಕಾದ ಶಿಲೀಂಧ್ರದ ಬದಲು ಬೇಡದ ಬ್ಯಾಕ್ಟೀರಿಯ ಬೆಳೆಯುತ್ತದೆ. ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಟ್ಟು, ಆಗಾಗ ಮಗುಚುತ್ತಿದ್ದರೆ ಎರಡು ವಾರದೊಳಗೆ ಹಸಿರು ಬೂಷ್ಟು ಹಿಡಿಯುತ್ತದೆ. ಕಪ್ಪು ಕಂಡ ಕಡೆ ಎತ್ತಿ ಎಸೆಯುವುದೇ ಸರಿ. ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಸುರಿದ ಬುಡಕ್ಕೆ ಕೂಡಲೇ ಇದನ್ನು ಹಾಕಬಾರದು. ಅದರಲ್ಲಿರುವ ತಾಮ್ರ ಕೊಲ್ಲುವುದು ಶಿಲೀಂಧ್ರವನ್ನು. ಒಳ್ಳೆಯದು ಕೆಟ್ಟದ್ದು ಎಂದು ಅದು ನೋಡುವುದಿಲ್ಲ.

ಇಲ್ಲಿಯವರೆಗೆ ಯಾವ ಲೈಸೆನ್ಸೂ ಬೇಡ. 1968ರ ಕೀಟನಾಶಕ ಕಾಯಿದೆಯ 38ನೇ ಸೆಕ್ಷನ್ ಸ್ವಂತ ಸಾಗುವಳಿಯ ಜಮೀನಿನಲ್ಲಿ ಬಳಸುವವರನ್ನು ಬಿಟ್ಟಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಮಾತು ಬಂದದ್ದು ಅರ್ಧ ಕಿಲೋ ಪೊಟ್ಟಣ ಮಾಡಿ ಮಾರುವುದರ ಬಗ್ಗೆ. ತಕರಾರು ಶುರುವಾಗುವುದೇ ಅಲ್ಲಿ, ಅದೂ ಪೊಟ್ಟಣದ ಮೇಲಿನ ಒಂದು ಸಾಲಿನಿಂದ.

'ರೋಗ ತಡೆಯುತ್ತದೆ' ಎಂದು ಬರೆದರೆ ಅದು ಕೀಟನಾಶಕ. ಫರೀದಾಬಾದಿನ ಕೇಂದ್ರ ಕಚೇರಿಯಲ್ಲಿ ನೋಂದಣಿ ಆಗಬೇಕು. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕು. ವಿಷತ್ವ ಪರೀಕ್ಷೆಯ ವರದಿ ಕೊಡಬೇಕು. ಕೀಟನಾಶಕ ಕಾಯಿದೆಯ 9(3ಬಿ) ಅಡಿ ತಾತ್ಕಾಲಿಕ ನೋಂದಣಿ ಸಿಗುತ್ತದೆ, ಆದರೂ ಹತ್ತು ಜನರ ಸಂಘಕ್ಕೆ ಖರ್ಚು ಭಾರವೇ. 'ರಂಜಕ ಕರಗಿಸುತ್ತದೆ' ಎಂದು ಬ್ಯಾಕ್ಟೀರಿಯ ಮಾರಿದರೆ ಅದು ಜೈವಿಕ ಗೊಬ್ಬರ: 1985ರ ರಸಗೊಬ್ಬರ ನಿಯಂತ್ರಣ ಆದೇಶ, ಪುಡಿಯಾದರೆ ಗ್ರಾಮಿಗೆ 5 ಕೋಟಿ, ದ್ರವವಾದರೆ ಮಿಲಿಗೆ 10 ಕೋಟಿ ಕಣ. 'ಬೆಳವಣಿಗೆ ಚುರುಕಾಗುತ್ತದೆ' ಎಂದರೆ 2021ರಲ್ಲಿ ಅದೇ ಆದೇಶಕ್ಕೆ ಸೇರಿದ ಬಯೋಸ್ಟಿಮ್ಯುಲಂಟ್. ಒಂದೇ ಶೆಡ್ಡಿನ ಬಕೆಟ್ಟುಗಳಿಗೆ ಇಷ್ಟು ಬಾಗಿಲು! ಚಿಕ್ಕ ಘಟಕಗಳಿಗೆ ಒಂದೇ ಕಿಟಕಿ ಮಾಡದೆ ಎಂಥ ಉತ್ತೇಜನದ ಮಾತಾಡಿದರೂ ಪ್ರಯೋಜನ ಕಡಿಮೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಜೈವಿಕ ತಯಾರಿಕೆಗೆ ಉತ್ತೇಜನ ಕೊಡುವ ಬಯೋಇ3 ಬಗ್ಗೆ ಒಬ್ಬರು ಕೇಳಿದರು. ಅದು ನೀತಿ, ಕಾಯಿದೆಯಲ್ಲ. ಲೈಸೆನ್ಸ್ ಕೌಂಟರಿನಲ್ಲಿ ತೋರಿಸಿ ಫಲವಿಲ್ಲ.

ನಿಜವಾಗಿ ಹಗುರವಾದದ್ದು ಜೀವವೈವಿಧ್ಯ ಕಾಯಿದೆ. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜೈಲು ಹೋಗಿ ದಂಡ ಬಂದಿದೆ, ಅದೂ 1 ಲಕ್ಷದಿಂದ 50 ಲಕ್ಷ. ಹಗುರ ಎಂದರೆ ಇಷ್ಟೇ ಹಗುರ. ತೋಟದ ಮಣ್ಣಿನಿಂದ ತೆಗೆದ ಸೂಕ್ಷ್ಮಜೀವಿಯ ತಳಿಯನ್ನು ಕಂಪನಿಯೊಂದು ವ್ಯಾಪಾರಕ್ಕೆ ಬಳಸುವುದಿದ್ದರೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ಸ್ಥಳೀಯ ಬೆಳೆಗಾರರಿಗೆ ವಿನಾಯಿತಿ ಇದೆ. 2025ರ ನಿಯಮಗಳಂತೆ ವರ್ಷಕ್ಕೆ 5 ಕೋಟಿ ರೂಪಾಯಿ ವಹಿವಾಟು ಮೀರದವರು ಲಾಭದ ಪಾಲು ಕೊಡಬೇಕಾಗಿಲ್ಲ. ಪೇಟೆಂಟಿಗೆ ಹೋಗುವವರು ಮಾತ್ರ ಅದು ಮಂಜೂರಾಗುವ ಮೊದಲು ಚೆನ್ನೈಯ ರಾಷ್ಟ್ರೀಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ತಳಿ ಸಂಶೋಧನಾ ಸಂಸ್ಥೆಯಿಂದ ಬಂದದ್ದಾದರೆ, ಸಂಸ್ಥೆಯವರು ಕೊಟ್ಟ ಪತ್ರವನ್ನು ಫೈಲಿನಲ್ಲಿ ಇಡಬೇಕು. ಮುಂದೆ ಎಲ್ಲರೂ ಕೇಳುವುದು ಅದನ್ನೇ.

ಇನ್ನು ಗಡಿ. ಪೆರ್ಲದಿಂದ ಕರ್ನಾಟಕದ ಅಡ್ಯನಡ್ಕ ಹತ್ತಿರವೇ, ಆದರೆ ಗೊಬ್ಬರದ ಅನುಮತಿ ರಾಜ್ಯವಾರು. ಕೇರಳದಲ್ಲಿ ತಯಾರಿಕಾ ಪ್ರಮಾಣಪತ್ರ ಇದೆಯೆಂದು ವಿಟ್ಲದ ಅಂಗಡಿಯಲ್ಲಿ ಜೈವಿಕ ಗೊಬ್ಬರದ ಪೊಟ್ಟಣ ಇಡಲಾಗದು. ಕರ್ನಾಟಕದ ಅನುಮತಿ ಬೇರೆ ತೆಗೆಯಬೇಕು, ಅಂಗಡಿಯವರಿಗೆ ತಯಾರಕರು 'ಒ' ನಮೂನೆಯ ಮೂಲ ಪ್ರಮಾಣಪತ್ರ ಕೊಡಬೇಕು. ಸಂಘದವರು ಮೊದಲು ಕೃಷಿಭವನದ ಮೂಲಕ ಕೇರಳದ ಕಾಗದ ಮುಗಿಸುವುದೆಂದೂ, ರಂಜಕದ ಬ್ಯಾಕ್ಟೀರಿಯದಿಂದಲೇ ಮಾರಾಟ ಶುರುಮಾಡುವುದೆಂದೂ ತೀರ್ಮಾನಿಸಿದರು.