ಶಾಲೆಗಿಂತ ಕಿರಿಯ ಚರ್ಚು

ನಮ್ಮ ಶಾಲೆ ಚರ್ಚಿಗಿಂತ ಹಿರಿಯದು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ. ಅಷ್ಟೆತ್ತರದ ಗೋಪುರ ಕಣ್ಣೆದುರು ನಿಂತಿರುವಾಗ ಪಕ್ಕದ ತಗ್ಗು ಕಟ್ಟಡವೇ ಮೊದಲು ಬಂದದ್ದು ಎಂದರೆ ಯಾರು ಒಪ್ಪುತ್ತಾರೆ? ಆದರೆ ಊರಾಚೆ ಬೆಳೆಯುವ ಬಡಾವಣೆಗಳಲ್ಲಿ ಇದು ಅಪರೂಪವೇನಲ್ಲ. ಹೊಸದಾಗಿ ಮನೆ ಮಾಡಿಕೊಂಡು ಬಂದವರಿಗೆ ಮೊದಲು ಬೇಕಾಗುವುದು ಮಕ್ಕಳಿಗೊಂದು ಶಾಲೆ. ಭಾನುವಾರದ ಪೂಜೆಗೆ ಬಸ್ಸು ಹತ್ತಿ ಹಳೆಯ ಚರ್ಚಿಗೆ ಹೋಗಿಬರಬಹುದು, ಪಾಠಕ್ಕೆ ದಿನಾ ಹಾಗೆ ಹೋಗಲಾಗುತ್ತದೆಯೇ?

ಹಾಗಾಗಿ ನಮ್ಮ ಕಾಲದಲ್ಲಿ ಶಾಲೆಯ ಸಭಾಂಗಣವೇ ಚರ್ಚು. ಶನಿವಾರ ಮಧ್ಯಾಹ್ನ ಬೆಂಚುಗಳನ್ನೆಲ್ಲ ವೇದಿಕೆಯ ಕಡೆಗೆ ತಿರುಗಿಸಿಡುವುದು ದೊಡ್ಡ ತರಗತಿಯವರ ಕೆಲಸ. ವಾರ್ಷಿಕೋತ್ಸವದ ನಾಟಕದಲ್ಲಿ ರಾಜನ ಆಸ್ಥಾನಕ್ಕೆ ಬಳಸಿದ ಮೇಜೇ ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆ ಹೊದ್ದು ಬಲಿಪೀಠವಾಗುತ್ತಿತ್ತು. ಇದರಲ್ಲಿ ಅಪಚಾರವೇನೂ ಇರಲಿಲ್ಲ. ಪವಿತ್ರ ಸ್ಥಳದ ಹೊರಗೆ ಪೂಜೆ ಅರ್ಪಿಸುವಾಗ ತಕ್ಕ ಮೇಜು ಸಾಕು, ಮೇಲೆ ಬಟ್ಟೆ ಮಾತ್ರ ಇರಲೇಬೇಕು ಎಂದು ಕಥೋಲಿಕ ಧರ್ಮಸಭೆಯ ಕಾನೂನೇ ಹೇಳುತ್ತದೆ. ಸೋಮವಾರ ನಾವು ಬಂದು ಕೂತರೆ ಬೆಂಚಿನ ಮೇಲೆ ಮೇಣದ ಹನಿಗಳು ಗಟ್ಟಿಯಾಗಿರುತ್ತಿದ್ದವು. ಗಣಿತದ ಪೀರಿಯಡ್ಡಿನಲ್ಲಿ ಅವನ್ನು ಸ್ಕೇಲಿನ ಅಂಚಿನಿಂದ ಕೆರೆದು, ಉಂಡೆ ಕಟ್ಟಿ, ಮುಂದಿನ ಬೆಂಚಿನವರ ಕತ್ತಿಗೆ ಹೊಡೆಯುವುದು ನಡೆದೇ ಇತ್ತು. ಧೂಪದ ವಾಸನೆ ಮಂಗಳವಾರದವರೆಗೂ ಹೋಗುತ್ತಿರಲಿಲ್ಲ.

ಗೋಪುರ ಏಳುವ ಮೊದಲೇ ನಾವು ಧರ್ಮಕೇಂದ್ರ (ಪ್ಯಾರಿಷ್) ಆಗಿದ್ದೆವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ಧರ್ಮಕೇಂದ್ರವೆಂದರೆ ಒಬ್ಬ ಪಾಲನಾ ಗುರುವಿನ ಆರೈಕೆಗೆ ಒಪ್ಪಿಸಿದ, ಸ್ಥಿರವಾಗಿ ನೆಲೆಗೊಳಿಸಿದ ವಿಶ್ವಾಸಿಗಳ ಸಮುದಾಯ. ಆ ವ್ಯಾಖ್ಯಾನದಲ್ಲಿ ಕಲ್ಲು, ಗಾರೆ, ಗಂಟೆಯ ಮಾತೇ ಇಲ್ಲ. ಆದರೂ ರಜತ ಮಹೋತ್ಸವದ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ: ಅಡಿಗಲ್ಲು, ಉದ್ಘಾಟನೆ, ಗುರುಗಳ ಪಟ್ಟಿ, ಮತ್ತೆ ಅಡಿಗಲ್ಲು. ಓದಿ ಮುಗಿಸಿದರೆ ಕಂಟ್ರಾಕ್ಟರು ಬರೆದ ವರದಿ ಓದಿದಂತಾಗುತ್ತದೆ.

ನಿಜವಾದ ಚರಿತ್ರೆ ಇರುವುದು ಕಚೇರಿಯ ಬೀರುವಿನಲ್ಲಿ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಫಾದರ್ ನನ್ನನ್ನು ಆಗಾಗ ಕರೆದು ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ ಬರೆಯಲು ಕೂರಿಸುತ್ತಿದ್ದರು. ಸಹಿ, ಮೊಹರು ಅವರದು. ಉದ್ದನೆಯ ರಿಜಿಸ್ಟರು, ಕ್ರಮಸಂಖ್ಯೆ, ತಾರೀಖು, ಮಗುವಿನ ಹೆಸರು, ತಂದೆತಾಯಿ, ಜ್ಞಾನದ ತಂದೆತಾಯಿ (ಗಾಡ್‌ಫಾದರ್, ಗಾಡ್‌ಮದರ್), ಗುರುಗಳ ಹೆಸರು, ಕೊನೆಗೆ ಅಗಲವಾದ ಖಾಲಿ ಕಾಲಂ: ಷರಾ. 'ಷರಾದಲ್ಲಿ ಇರುವುದನ್ನು ಬಿಡಬೇಡ' ಎನ್ನುವುದೊಂದೇ ಅವರ ತಾಕೀತು.

ಈ ಪುಸ್ತಕಗಳ ಹಿಂದೆ ದೊಡ್ಡ ಕಥೆಯಿದೆ. ಮದುವೆ, ದೀಕ್ಷಾಸ್ನಾನಗಳನ್ನು ಬರೆದಿಡಲೇಬೇಕೆಂದು 1563ರಲ್ಲಿ ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ ಟ್ರೆಂಟ್ ಮಹಾಸಭೆ ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಸತ್ತವರ ದಾಖಲೆಯನ್ನೂ ಸೇರಿಸಿತು. ಎಲ್ಲೋ ಒಂದು ಕಡೆ ಮದುವೆಯಾದರೆ ಅದರ ಸುದ್ದಿಯನ್ನು ದೀಕ್ಷಾಸ್ನಾನ ಪಡೆದ ಚರ್ಚಿಗೆ ಕಳಿಸಿ ಅಲ್ಲಿನ ಪುಸ್ತಕದಲ್ಲಿ ನಮೂದಿಸಬೇಕೆಂಬುದನ್ನು 1907ರ ಆಜ್ಞೆಯೊಂದು ಗಟ್ಟಿ ಮಾಡಿತು. ಈಗ ದೃಢೀಕರಣ ಸಂಸ್ಕಾರ, ಗುರುದೀಕ್ಷೆ, ಸನ್ಯಾಸಿಗಳ ಆಜೀವ ವ್ರತ ಎಲ್ಲವೂ ಆ ಷರಾ ಕಾಲಂನಲ್ಲೇ ಬಂದು ಸೇರುತ್ತವೆ.

ಹೊಸ ಬಡಾವಣೆಯ ಧರ್ಮಕೇಂದ್ರ ಎಂಥದು ಎಂದು ತಿಳಿಯಬೇಕಾದರೆ ಆ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಮ್ಮಲ್ಲಿ ದೀಕ್ಷಾಸ್ನಾನದ್ದು ಭರಭರನೆ ತುಂಬುತ್ತಿತ್ತು, ಮರಣದ್ದು ಬಹುಕಾಲ ಮೊದಲ ಪುಟಗಳನ್ನೇ ದಾಟಿರಲಿಲ್ಲ. ಬಂದವರೆಲ್ಲ ಎಳೆ ಸಂಸಾರಸ್ಥರು. ಅಜ್ಜ ಅಜ್ಜಿಯರು ಹಳೆಯ ಮನೆಗಳಲ್ಲೇ ಉಳಿದರು, ಅಲ್ಲಿಯೇ ಮಣ್ಣಾದರು. ನನ್ನ ಹೆಸರೂ ಇಲ್ಲಿಲ್ಲ; ನಾನು ಬರುವಾಗಲೇ ನಡೆಯುತ್ತಿದ್ದೆ. ತಂಗಿಯದು ಮಾತ್ರ ಮೊದಲ ಸಂಪುಟದ ಆರಂಭದಲ್ಲೇ ಇದೆ. ಹಲವು ವರ್ಷಗಳ ನಂತರ ಶಾಲೆಗೆ ಬಂದಾಗ ಅದೇ ಪುಟ ನೋಡಿದೆ. ನಾನು ಬರೆಯಲು ಕೂರುತ್ತಿದ್ದ ಕಾಲದಲ್ಲಿ ಖಾಲಿ ಇದ್ದ ಷರಾ ಕಾಲಂ ಕಿಕ್ಕಿರಿದಿತ್ತು. ನನ್ನ ಬೆಂಚಿನ ಗೆಳೆಯರ ತಮ್ಮಂದಿರು, ತಂಗಿಯರು ಎಲ್ಲೆಲ್ಲೋ ಮದುವೆಯಾಗಿ, ಆ ಸುದ್ದಿ ಒಂದೊಂದೇ ಸಾಲಾಗಿ ಇಲ್ಲಿಗೆ ಮರಳಿತ್ತು. ಮೇಣ ಎಸೆಯುವುದರಲ್ಲಿ ಎತ್ತಿದ ಕೈಯಾಗಿದ್ದವನ ತಮ್ಮ ಗುರುವಾಗಿದ್ದಾನೆ ಎಂದು ನನಗೆ ತಿಳಿದದ್ದೂ ಅಲ್ಲಿಯೇ.

ಜನ ಹೆಚ್ಚಾದಂತೆ ಸಭಾಂಗಣ ಸಾಲದಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಜಾಗ ಸಾಲದಿದ್ದರೆ ಇನ್ನೊಂದು ಪೂಜೆ ಇಟ್ಟುಕೊಳ್ಳಬಹುದಿತ್ತಲ್ಲ? ಅಲ್ಲೇ ಇದೆ ತೊಡಕು. ಒಬ್ಬ ಗುರು ದಿನಕ್ಕೆ ಒಂದೇ ಪೂಜೆ ಅರ್ಪಿಸಬೇಕೆಂಬುದು ಸಾಮಾನ್ಯ ನಿಯಮ. ಗುರುಗಳ ಕೊರತೆ ಇದ್ದರೆ ಎರಡಕ್ಕೆ, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಅಗತ್ಯ ಬಿದ್ದರೆ ಮೂರಕ್ಕೆ ಧರ್ಮಾಧ್ಯಕ್ಷರು ಅನುಮತಿ ಕೊಡಬಹುದು. ನಾಲ್ಕನೆಯದಕ್ಕೆ ಅನುಮತಿ ಕೊಡುವ ಅಧಿಕಾರ ಅವರಿಗೂ ಇಲ್ಲ. ಶನಿವಾರ ಸಂಜೆಯ ಪೂಜೆ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ, ಅದರಿಂದ ಸ್ವಲ್ಪ ಉಸಿರಾಡಲು ಆಯಿತು. ಅದರ ಮೇಲೆ ಭಾಷೆಯ ಪ್ರಶ್ನೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಜನರ ಮಾತಿಗೆ ಪೂಜೆಯಲ್ಲಿ ಬಾಗಿಲು ತೆರೆಯಿತು. ಲ್ಯಾಟಿನ್ ಇದ್ದಾಗ ಎಲ್ಲರಿಗೂ ಸಮಾನವಾಗಿ ಅರ್ಥವಾಗುತ್ತಿರಲಿಲ್ಲ, ಜಗಳವೂ ಇರಲಿಲ್ಲ. ನಾಲ್ಕು ದಿಕ್ಕಿನಿಂದ ಬಂದವರು ಸೇರಿದ ಬಡಾವಣೆಯಲ್ಲಿ ಬೆಳಗಿನ ಒಳ್ಳೆಯ ಹೊತ್ತು ಯಾವ ಭಾಷೆಗೆ ಎಂಬುದು ಸಣ್ಣ ವಿಷಯವಲ್ಲ. ಆ ಸಭೆಗಳ ಕಾವು ಕಿಟಕಿಯಾಚೆ ಆಡುತ್ತಿದ್ದ ನಮಗೂ ತಾಗುತ್ತಿತ್ತು. ಸ್ಮರಣ ಸಂಚಿಕೆಯಲ್ಲಿ ಇದರ ಒಂದಕ್ಷರವೂ ಇಲ್ಲ.

ಚರ್ಚು ಕಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವಂಥದೇ, ಉದ್ದ ಮಾಡುವುದಿಲ್ಲ. ಪ್ರತಿಷ್ಠಾಪನೆಯ ದಿನವನ್ನು ಮಾತ್ರ ಮರೆಯಲಾರೆ. ಧರ್ಮಾಧ್ಯಕ್ಷರು ತೋಳು ಮಡಚಿ, ಬಲಿಪೀಠದ ಕಲ್ಲಿನ ಮೇಲೆ ಅಭಿಷೇಕ ತೈಲ ಸುರಿದು ಅಂಗೈಯಿಂದಲೇ ಉದ್ದಕ್ಕೂ ಸವರಿದರು. ಆಮೇಲೆ ಗೋಡೆಯಲ್ಲಿ ಗುರುತು ಮಾಡಿದ ಹನ್ನೆರಡು ಕಡೆ ತೈಲ ಹಚ್ಚಿದರು. ಎಣ್ಣೆ ಇಳಿದು ಹೊಸ ಸುಣ್ಣದ ಮೇಲೆ ಕಲೆಯಾಯಿತೆಂದು ಬಣ್ಣ ಬಳಿದವರು ಪೇಚಾಡಿಕೊಂಡರು.

ಅಷ್ಟು ಕಷ್ಟಪಟ್ಟು ಕಟ್ಟಿದ ಮೇಲೆ ಕೆಲವೇ ವರ್ಷಗಳಲ್ಲಿ ಧರ್ಮಕೇಂದ್ರ ಎರಡಾಯಿತು. ದೊಡ್ಡ ರಸ್ತೆಯ ಆಚೆಯವರೆಲ್ಲ ಹೊಸ ಧರ್ಮಕೇಂದ್ರಕ್ಕೆ ಸೇರಿದರು. ಇಂಥ ಗಡಿ ಬದಲಿಸುವ ಅಧಿಕಾರ ಧರ್ಮಾಧ್ಯಕ್ಷರೊಬ್ಬರದೇ. ಗುರುಗಳ ಮಂಡಳಿಯ ಅಭಿಪ್ರಾಯ ಕೇಳುವುದು ಕಡ್ಡಾಯ, ಗಾಯನ ಮಂಡಳಿಯದನ್ನು ಕೇಳಬೇಕೆಂದಿಲ್ಲ. ನಮ್ಮ ಗಾಯನ ಮಂಡಳಿಯ ಗಂಡು ಕಂಠಗಳೆಲ್ಲ ರಸ್ತೆಯ ಆಚೆಯವು! ಕ್ರಿಸ್ಮಸ್ ರಾತ್ರಿ ಹೆಣ್ಣುಮಕ್ಕಳ ದನಿ ಮಾತ್ರ ಕೇಳಿದಾಗ ಹಳಬರು ಮುಖ ಮುಖ ನೋಡಿಕೊಂಡರು. ಬೆಳೆಯುವ ಧರ್ಮಕೇಂದ್ರದ ಪಾಡೇ ಇದು, ಬೆಳೆದಷ್ಟೂ ಕೊಟ್ಟುಬಿಡಬೇಕು. ಹೊಸಬರು ಹೊಸ ರಿಜಿಸ್ಟರಿನಲ್ಲಿ ಒಂದನೇ ಸಂಖ್ಯೆಯಿಂದ ಶುರು ಮಾಡಿದರು, ಹಳೆಯ ಪುಟಗಳು ಇಲ್ಲಿಯೇ ಉಳಿದವು. ಹಾಗಾಗಿ ಮದುವೆಗೆ ದೀಕ್ಷಾಸ್ನಾನದ ಪತ್ರ ಬೇಕಾದಾಗ ಆಚೆಯವರು ಈಗಲೂ ನಮ್ಮ ಕಚೇರಿಯ ಮುಂದೆ ಬಂದು ನಿಲ್ಲುತ್ತಾರೆ. ಶಾಲೆಯಂತೂ ಎರಡೂ ಕಡೆಯವರದು, ಒಂದೇ ಬೆಂಚಿನಲ್ಲಿ ಎರಡು ಧರ್ಮಕೇಂದ್ರದ ಮಕ್ಕಳು ಕೂರುತ್ತಾರೆ.

ರಿಜಿಸ್ಟರುಗಳನ್ನೂ ಧರ್ಮಾಧ್ಯಕ್ಷರ ಪತ್ರಗಳನ್ನೂ ಧರ್ಮಕೇಂದ್ರ ಕಾಪಾಡಿಕೊಳ್ಳಲೇಬೇಕೆಂಬ ಕಾನೂನಿದೆ. ಸಭಾಂಗಣದ ವರ್ಷಗಳಲ್ಲಿ ಬೆಂಚು ಹೊತ್ತವರು ಯಾರು, ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದವರು ಯಾರು, ಮೊದಲ ಧರ್ಮೋಪದೇಶ ತರಗತಿ ಯಾವ ಕೋಣೆಯಲ್ಲಿ ನಡೆಯಿತು ಎಂಬುದಕ್ಕೆ ಅಂಥ ಕಾನೂನಿಲ್ಲ. ನನ್ನ ತರಗತಿಯವರ ಬಳಿ ಆ ಕಾಲದ ಫೋಟೊಗಳು ಇದ್ದೇ ಇವೆ. ಹಿಂದೆ ಹೆಸರುಗಳನ್ನು ಬರೆದು ಕಚೇರಿಗೆ ಕೊಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಆಚೆಗೆ ಇಳಿಯುತ್ತದೆ.