ಒಂದು ಪೆನ್ನಿಯ ನೋಟು: ಫಿಜಿಯ ವಸಾಹತು ಕಾಲದ ಕಾಗದದ ಹಣ

ನನ್ನ ಸಂಗ್ರಹದಲ್ಲಿ ಬ್ರಿಟಿಷ್ ಇಂಡಿಯಾದ ನೋಟುಗಳ ಆಲ್ಬಂಗೆ ಹೋಲಿಸಿದರೆ ಫಿಜಿಯ ಆಲ್ಬಂ ತೀರ ತೆಳುವಾದದ್ದು. ಆದರೂ ಸಂಗ್ರಾಹಕ ಮಿತ್ರರು ಬಂದಾಗ ಮೊದಲು ತೆಗೆಯಿರಿ ಎನ್ನುವುದು ಅದನ್ನೇ. 1942ರ ಜುಲೈ 1ರ ದಿನಾಂಕ ಹೊತ್ತ ಒಂದು ಪೆನ್ನಿಯ ನೋಟು ಅದರಲ್ಲಿದೆ. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್ ಎಂಬ ಲೆಕ್ಕವಿದ್ದ ಕಾಲದಲ್ಲಿ, ಪೌಂಡಿನ 240ನೇ ಒಂದು ಭಾಗಕ್ಕೆ ಸರ್ಕಾರವೊಂದು ನೋಟು ಮುದ್ರಿಸಬೇಕಾಯಿತೆಂದರೆ ಚಿಲ್ಲರೆಗೆ ಎಂಥ ಬರ ಬಂದಿತ್ತೆಂದು ಊಹಿಸಬಹುದು.

ಬರಕ್ಕೆ ಕಾರಣ ಯುದ್ಧ. ಫಿಜಿಗೆ ತನ್ನದೇ ನಾಣ್ಯಗಳು ಬಂದದ್ದು 1934ರಲ್ಲಿ. ಪೆನ್ನಿ ಮತ್ತು ಅರ್ಧ ಪೆನ್ನಿಗಳಿಗೆ ನಡುವೆ ತೂತು. ಜಪಾನ್ ಯುದ್ಧಕ್ಕಿಳಿದ ಮೇಲೆ ಇಂಗ್ಲೆಂಡಿನಿಂದ ನಾಣ್ಯ ಸಾಗಿಸುವುದು ಕಷ್ಟವಾಯಿತು. ಅದೇ ವೇಳೆಗೆ ನ್ಯೂಜಿಲೆಂಡಿನ ಸೈನಿಕರ ಬೆನ್ನಿಗೆ ಅಮೆರಿಕದ ಪಡೆಗಳೂ ದ್ವೀಪಕ್ಕೆ ಬಂದಿಳಿದವು. ಸಂಬಳದ ಹಣ ಅಂಗಡಿ ಬೀದಿಗೆ ಹರಿಯಿತು, ಆದರೆ ಆ ವ್ಯಾಪಾರಕ್ಕೆ ಬೇಕಾದಷ್ಟು ಚಿಲ್ಲರೆ ಇರಲಿಲ್ಲ. ಕೊನೆಗೆ 1942 ಮತ್ತು 1943ರಲ್ಲಿ ಫಿಜಿಯ ನಾಣ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಅಚ್ಚು ಹಾಕಿಸಬೇಕಾಯಿತು. ಅಲ್ಲಿಯ ಪೆನ್ನಿಗಳು ಹಿತ್ತಾಳೆಯವು, ಅವುಗಳ ಮೇಲೆ 'ಎಸ್' ಎಂಬ ಚಿಕ್ಕ ಗುರುತಿದೆ. ಪೆನ್ನಿ ನೋಟು ಈ ಇಕ್ಕಟ್ಟಿನ ಕಾಲದ ಕೂಸು.

ನೋಟಿನ ಗಾತ್ರ ಸಣ್ಣದು, ಮುದ್ರಣ ಸರಳ. ಆದರೆ ಅದರ ಮೇಲೆ ತೂತಿರುವ ಪೆನ್ನಿಯ ಚಿತ್ರವನ್ನೇ ಮುದ್ರಿಸಿದ್ದಾರೆ. ನಾಣ್ಯ ಕೊಡಲಾಗದ ಸರ್ಕಾರ ನಾಣ್ಯದ ಚಿತ್ರ ಕೊಟ್ಟಿದೆ! ಭಾರತದ ನೋಟುಗಳನ್ನು ಕಂಡವರಿಗೆ ಇದು ಹೊಸತಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಬಂದಾಗ, 1917ರಲ್ಲಿ ಹೊರಬಂದ ನಮ್ಮ ಮೊದಲ ಒಂದು ರೂಪಾಯಿ ನೋಟಿನ ಮೇಲೆ ಐದನೇ ಜಾರ್ಜ್ ಇರುವ ಬೆಳ್ಳಿ ರೂಪಾಯಿಯ ಚಿತ್ರವಿದೆ. 1940ರಲ್ಲಿ ಆ ನೋಟು ಮರಳಿ ಬಂದಾಗ ಆರನೇ ಜಾರ್ಜ್ ಇರುವ ರೂಪಾಯಿ ಅದರ ಜಾಗ ಹಿಡಿಯಿತು. ಈ ಮೂರು ನೋಟುಗಳನ್ನು ನಾನು ಒಂದೇ ಹಾಳೆಯಲ್ಲಿ ಇಟ್ಟಿದ್ದೇನೆ. ದೇಶವಾರು ಜೋಡಿಸಬೇಕೆಂಬ ಶಿಸ್ತಿಗೆ ಇದು ವಿರುದ್ಧ ಎಂದು ಕೆಲವರು ಆಕ್ಷೇಪಿಸುತ್ತಾರೆ. ನನಗೆ ಈ ಜೋಡಣೆಯೇ ಸರಿ ಎನಿಸುತ್ತದೆ.

ಮಾಮೂಲಿ ಸರಣಿಯ ಕಥೆ ಬೇರೆ. 1874ರ ಅಕ್ಟೋಬರಿನಲ್ಲಿ ಬ್ರಿಟಿಷರ ಕೈಗೆ ಹೋದ ಫಿಜಿಯಲ್ಲಿ ವಸಾಹತು ಸರ್ಕಾರದ ನೋಟುಗಳು ಚಲಾವಣೆಗೆ ಬಂದದ್ದು 1914ರಿಂದ. ಅದಕ್ಕೂ ಮುಂಚೆ ಖಾಸಗಿ ಬ್ಯಾಂಕುಗಳು ತಮ್ಮ ನೋಟುಗಳನ್ನು ತಾವೇ ಹೊರಡಿಸುತ್ತಿದ್ದವು. ಆರನೇ ಜಾರ್ಜ್ ಮತ್ತು ಎರಡನೇ ಎಲಿಜಬೆತ್ ಕಾಲದ ಪೌಂಡ್-ಶಿಲಿಂಗ್ ನೋಟುಗಳು ಇಂಗ್ಲೆಂಡಿನ ಬ್ರಾಡ್ಬರಿ ವಿಲ್ಕಿನ್ಸನ್ ಕಂಪನಿಯವು, ಕೆತ್ತನೆಯಲ್ಲಿ ಬಹಳ ಅಚ್ಚುಕಟ್ಟು. ಐದು ಶಿಲಿಂಗ್ ನೋಟನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಲಾಂಛನದ ಮೇಲ್ಭಾಗದಲ್ಲಿ ಸಿಂಹವೊಂದು ಮುಂಗಾಲುಗಳ ನಡುವೆ ಕೋಕೋ ಕಾಯಿ ಹಿಡಿದಿರುವುದು ಕಾಣುತ್ತದೆ. ಅದರ ಕೆಳಗೆ ಕಬ್ಬು, ತೆಂಗಿನ ಮರ, ಆಲಿವ್ ರೆಂಬೆ ಕಚ್ಚಿದ ಪಾರಿವಾಳ, ಬಾಳೆಗೊನೆ. ಎರಡೂ ಬದಿಗೆ ಫಿಜಿಯ ಯೋಧರು.

ಆ ಕಬ್ಬನ್ನು ಬೆಳೆದವರು ಹೆಚ್ಚಾಗಿ ನಮ್ಮವರು. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರು ಕರಾರಿನ ಕೂಲಿಗಳಾಗಿ ಫಿಜಿಗೆ ಹೋದರು. ಮೊದಮೊದಲು ಎಲ್ಲರೂ ಕಲ್ಕತ್ತೆಯಿಂದ, 1903ರ ನಂತರ ಮದರಾಸಿನಿಂದಲೂ. ಒಪ್ಪಿಸಿದ ಕೆಲಸ ಪೂರ್ತಿ ಮುಗಿಸಿದ ಗಂಡಸಿಗೆ ದಿನಕ್ಕೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ನಿ ಎಂಬುದು ಕರಾರಿನ ಲೆಕ್ಕ. ಅಂದರೆ ಐದು ಶಿಲಿಂಗಿನ ನೋಟೆಂದರೆ ಗಂಡಾಳಿನ ಐದು ದಿನಗಳ ದುಡಿಮೆ, ಅದೂ ದಿನವೂ ಕೆಲಸ ಪೂರ್ತಿಯಾಗಿ ಮೇಸ್ತ್ರಿ ಒಪ್ಪಿಕೊಂಡರೆ ಮಾತ್ರ. ಲಾಂಛನದಲ್ಲಿ ಕಬ್ಬಿಗೆ ಸ್ಥಳ ಸಿಕ್ಕಿತು, ಕಬ್ಬು ಕಡಿದವರಿಗೆ ಸಿಗಲಿಲ್ಲ. ಫಿಜಿಯ ನೋಟುಗಳನ್ನು ನಾನು ಕೂಡಿಸತೊಡಗಿದ್ದು ಬಹುಪಾಲು ಈ ಕಾರಣಕ್ಕೆ. ರಾಣಿಯ ಚಿತ್ರದ ಸೊಗಸು ಆಮೇಲಿನದು. (ರಾಣಿಯಾದರೋ 1987ರಲ್ಲಿ ದೇಶ ಗಣರಾಜ್ಯವಾದ ಮೇಲೂ ಕಾಲು ಶತಮಾನ ಆ ನೋಟುಗಳಿಂದ ಕದಲಲಿಲ್ಲ.)

ಸಂಗ್ರಹದ ದೃಷ್ಟಿಯಿಂದ ಗಮನಿಸಬೇಕಾದದ್ದು ದಿನಾಂಕ ಮತ್ತು ಸಹಿ. ಪ್ರತಿ ನೋಟಿನ ಮೇಲೂ ಕರೆನ್ಸಿ ಕಮಿಷನರುಗಳ ಸಹಿಗಳಿರುತ್ತವೆ. ವಿನ್ಯಾಸ ಒಂದೇ ಆದರೂ ಸಹಿ ಬದಲಾದರೆ ಬೆಲೆಯೂ ಬದಲಾಗುತ್ತದೆ. ದ್ವೀಪದ ಸೆಕೆಯಲ್ಲಿ, ಬೆವರಿನ ಕೈಗಳಲ್ಲಿ ಓಡಾಡಿದ ನೋಟುಗಳಾದ್ದರಿಂದ ಗರಿಗರಿಯಾದವು ಸಿಗುವುದು ಅಪರೂಪ. ಹಾಗೆ ಸಿಕ್ಕಿದ್ದನ್ನು ಒಮ್ಮೆ ಅನುಮಾನದಿಂದ ನೋಡುವುದು ಒಳ್ಳೆಯದು, ಏಕೆಂದರೆ ತೊಳೆದು ಇಸ್ತ್ರಿ ಮಾಡಿದ ನೋಟಿನಲ್ಲಿ ಮಡಿಕೆ ಮಾಯವಾದರೂ ಅಚ್ಚಿನ ಉಬ್ಬು ಬೆರಳಿಗೆ ಸಿಗುವುದಿಲ್ಲ. ಲ್ಯಾಮಿನೇಷನ್ ಮಾಡಿಸಿದ ನೋಟನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ನನ್ನಲ್ಲಿ ಇಲ್ಲದ್ದು, ಆದರೆ ಬೇಕೇ ಬೇಕಾದದ್ದು, ಯುದ್ಧಕಾಲದ ತುರ್ತಿನ ಓವರ್‌ಪ್ರಿಂಟ್ ನೋಟು. ನ್ಯೂಜಿಲೆಂಡ್ ರಿಸರ್ವ್ ಬ್ಯಾಂಕಿನ 1934ರ ಹತ್ತು ಶಿಲಿಂಗ್ ಮತ್ತು ಒಂದು ಪೌಂಡ್ ನೋಟುಗಳ ಮೇಲೆ 'ಗವರ್ನಮೆಂಟ್ ಆಫ್ ಫಿಜಿ' ಎಂದು ಅಚ್ಚೊತ್ತಿ ಚಲಾವಣೆಗೆ ಬಿಟ್ಟರು. ಹೀಗಾಗಿ ಮಾವೊರಿ ರಾಜ ತಾಫಿಯಾವೊ ಮತ್ತು ಕಿವಿ ಹಕ್ಕಿ ಕೆಲಕಾಲ ಫಿಜಿಯ ಹಣವಾದರು. ಓವರ್‌ಪ್ರಿಂಟ್ ಎಂದಮೇಲೆ ಮೋಸಕ್ಕೆ ದಾರಿ ಸುಲಭ: ಅಸಲಿ ನ್ಯೂಜಿಲೆಂಡ್ ನೋಟಿನ ಮೇಲೆ ಎರಡು ಸಾಲು ಒತ್ತಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಆದ್ದರಿಂದ ಹಳೆಯ ಮಡಿಕೆಯ ಗೆರೆ ಅಕ್ಷರವನ್ನು ದಾಟುವ ಕಡೆ ಭೂತಗನ್ನಡಿ ಇಡಬೇಕು. ಮಡಿಕೆಯ ಜೊತೆ ಅಕ್ಷರದ ಮಸಿಯೂ ಸವೆದಿದ್ದರೆ ಮಾತು ಮುಂದುವರಿಸಬಹುದು. ಸವೆದ ಮಡಿಕೆಯೊಳಕ್ಕೆ ಮಸಿ ಇಳಿದಿದ್ದರೆ ಅಚ್ಚು ಆಮೇಲಿನದು, ನೋಟನ್ನು ಹಿಂದಿರುಗಿಸಿ ಎದ್ದು ಬರುವುದೇ ಲೇಸು.